ಅಕ್ಕ ಕೂತು ನೋಡದೆ ಕೊಂಡ ಕಾರು

ಕಾರು ಬೆಳ್ಳಗಿತ್ತು ಎಂದು ಮೊದಲು ಬರೆದೆ. ಆಮೇಲೆ ಹೊಡೆದುಹಾಕಿದೆ. ಹಳೆಯ ಕಾಗದಗಳ ನಡುವೆ ಸಿಕ್ಕ ಆರ್‌ಸಿಯ ನಕಲಿನಲ್ಲಿ ಬೆಳ್ಳಿ ಬಣ್ಣ ಎಂದಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ನಾನೇ ತೊಳೆದ ಗಾಡಿಯ ಬಣ್ಣ ನನಗೇ ತಪ್ಪುತ್ತದೆ ಎಂದಮೇಲೆ, ಮುಂದಿನದನ್ನು ಓದುವವರು ಸ್ವಲ್ಪ ಎಚ್ಚರದಲ್ಲಿರುವುದು ಒಳ್ಳೆಯದು.

ಅನುಮಾನವಿಲ್ಲದೆ ಹೇಳಬಹುದಾದದ್ದು ಇಷ್ಟು. ಅಕ್ಕನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಮೂರು ದಿನ ಚನ್ನಗಿರಿಯಿಂದ ದಾವಣಗೆರೆಗೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಒಂದು ದಿನ ತಪ್ಪಿದರೂ ಕಾಲು ಊದಿಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಅಂಗನವಾಡಿಯಲ್ಲಿ ಬಹಳ ವರ್ಷ ಮಕ್ಕಳನ್ನು ನೋಡಿಕೊಂಡವಳು. ದೊಡ್ಡವರ ಜೊತೆಗೂ ಅದೇ ದನಿಯಲ್ಲಿ ಮಾತಾಡುತ್ತಿದ್ದಳು. ಹೋಗುವಾಗ ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು. ವಾಪಸು ಬರುವಾಗ, ಮೈಯ ಕಸುವೆಲ್ಲ ಹಿಂಡಿಹೋದ ಹೊತ್ತಿಗೆ, ಸಿಗುತ್ತಿರಲಿಲ್ಲ. ಒಂದು ಸಂಜೆ ತ್ಯಾವಣಿಗೆ ಹತ್ತಿರ ಬರುವಾಗ ಅವಳು ಹಿಡಿದಿದ್ದ ಕಂಬಿ ಬಿಟ್ಟು ಕುಸಿದು ಕೂತಳು. ಮನೆಗೆ ಬಂದು, ಕಾರು ತಗೊಳ್ಳೋಣ ಎಂದೆ.

ಹೈಸ್ಕೂಲ್ ಮೇಷ್ಟ್ರ ಕೈಗೆ ಎಟಕುವುದು ಹಳೆಯ ಗಾಡಿ. ಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಹೋಗಿಬರುವ ದೂರ ನೂರು ಕಿಲೋಮೀಟರಿಗೂ ಹೆಚ್ಚು, ಆದ್ದರಿಂದ ಡೀಸೆಲ್. ಬೇಸಿಗೆಗೆ ಎಸಿ. ಬರುವಾಗ ಅವಳು ಒರಗಿಕೊಳ್ಳುವಂಥ ಹಿಂದಿನ ಸೀಟು. ಕೆರೆಬಿಳಚಿ ಕಡೆಯ ರಸ್ತೆ ಹಂಪುಗಳಿಗೆ ತಳ ತಾಗದಷ್ಟು ಎತ್ತರ. ಇವತ್ತಿಗೂ ಆ ಹಾಳೆಯಲ್ಲಿ ಬರೆದದ್ದು ಯಾವುದೂ ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಕಡೆ ಗಾಡಿ ನೋಡಲು ಒಬ್ಬರೇ ಹೋಗುವುದಿಲ್ಲ. ಒಬ್ಬ ಹಿರಿಯರು, ಒಬ್ಬ ಮೆಕ್ಯಾನಿಕ್ ಇರಲೇಬೇಕು. ಹೆಣ್ಣು ನೋಡುವ ಶಾಸ್ತ್ರಕ್ಕಾದರೂ ಹೆಂಗಸರು ಹೋಗುತ್ತಾರೆ, ಗಾಡಿ ನೋಡುವುದಕ್ಕೆ ಹೋಗುವುದಿಲ್ಲ. ಅವರು ಬರುವುದು ಪೂಜೆಯ ದಿನ, ಆರತಿ ತಟ್ಟೆ ಹಿಡಿದುಕೊಂಡು. ಯಾರೂ ಇದನ್ನು ನಿಯಮವೆಂದು ಹೇಳಿಕೊಟ್ಟಿಲ್ಲ. ಹಾಗಾಗಿ ಚಿಕ್ಕಪ್ಪ, ಪರಿಚಯದ ಮೆಕ್ಯಾನಿಕ್, ನಾನು ಹೊರಟೆವು. ಅಕ್ಕ ಬಾಗಿಲವರೆಗೆ ಬಂದು, “ಹೆಣ್ಣು ಒಪ್ಪಿಗಿ ಆದ್ರೆ ಫೋನ್ ಮಾಡ್ರಪ್ಪ, ಪಾಯಸ ಇಡ್ತೀನಿ” ಅಂದಳು.

ನ್ಯಾಮತಿಯಲ್ಲಿ ನೋಡಿದ್ದು ಸ್ಟಾರ್ಟ್ ಆಗುವುದಕ್ಕೇ ತಳ್ಳಬೇಕಾಯಿತು. ಹೊನ್ನಾಳಿಯಲ್ಲಿ ಒಬ್ಬ ಟೈಲರ್ ತನ್ನ ಪುಟ್ಟ ಪೆಟ್ರೋಲ್ ಕಾರು ಮಾರಲು ಇಟ್ಟಿದ್ದ. ತಗ್ಗಿನ ಗಾಡಿ, ಬಾಗಿಲು ಅಗಲವಾಗಿ ತೆರೆದುಕೊಳ್ಳುತ್ತಿತ್ತು. ಕತ್ತಿನಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದ ಅವನು, “ಯಾರಿಗೆ ಬೇಕಾಗೇತ್ರಿ ಗಾಡಿ?” ಎಂದು ಕೇಳಿದ.

“ಇವರ ಅಕ್ಕಗೆ ಹುಷಾರಿಲ್ಲ, ಆಸ್ಪತ್ರಿಗೆ ಓಡಾಡಾಕೆ,” ಅಂದರು ಚಿಕ್ಕಪ್ಪ.

“ಹಂಗಾರೆ ಅವರನ್ನ ಕರ್ಕೊಂಡು ಬರ್ರಿ. ಕುಂತು ನೋಡ್ಲಿ. ನಾನು ಬ್ಲೌಸ್ ಹೊಲಿಯಾಕೂ ಅಳತಿ ತಗಂತೀನಿ.”

ಮೆಕ್ಯಾನಿಕ್ ನಕ್ಕ. “ಕಾರಿಗೂ ಟ್ರಯಲ್ ಐತೇನಪ್ಪ ನಿನ್ನತ್ರ? ಕಾಜಾ ಗುಂಡಿ ಎಲ್ಲಿ ಇಟ್ಟೀಯ?”

ಚಿಕ್ಕಪ್ಪನೂ ನಕ್ಕರು. ಟೈಲರ್ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನಗಲಿಲ್ಲ ಎಂದು ಒಂದೆರಡು ಸಲ ಬೇರೆಯವರ ಮುಂದೆ ಹೇಳಿದ್ದೇನೆ. ಹಾಗೆ ಹೇಳಿದ ಮೇಲೆ ನಗದ ನನ್ನ ಮುಖ ನನಗೇ ಕಾಣತೊಡಗಿದೆ. ನೆನಪು ಹೀಗೇ ತನಗೆ ಬೇಕಾದ ಫೋಟೊ ತೆಗೆಸಿಕೊಳ್ಳುತ್ತದೆ. ಅದನ್ನು ನಂಬಬೇಡಿ. ಪೆಟ್ರೋಲ್ ಗಾಡಿ, ವಾರಕ್ಕೆ ಮೂರು ದಿನದ ಓಡಾಟಕ್ಕೆ ಹೊರೆಯಾಗುತ್ತದೆ ಎಂದುಕೊಂಡು ಹೊಳೆಯ ಸೇತುವೆ ದಾಟಿ ವಾಪಸು ಬಂದೆವು.

ಮರುವಾರ ಜಗಳೂರಿಗೆ ಹೋದೆವು. ಗೊಬ್ಬರದಂಗಡಿಯವರ ಮನೆ ಮುಂದೆ, ಬೇವಿನ ನೆರಳಿಗೆ, ಎತ್ತರದ ಡೀಸೆಲ್ ಗಾಡಿ ನಿಂತಿತ್ತು. ಜೀಪಿನ ಹಾಗೆ ಎದೆ ಎತ್ತಿ ನಿಂತದ್ದು. ಮೆಕ್ಯಾನಿಕ್ ಬಾನೆಟ್ ತೆಗೆದು ಕಿವಿ ಇಟ್ಟು, “ಎಂಜಿನ್ ಬೆಣ್ಣಿ ಐತೆ” ಅಂದ. ಚಿಕ್ಕಪ್ಪ ಮುಂದಿನ ಸೀಟಿಗೆ ಹತ್ತಿ ಕೂತು ಊರೆಲ್ಲ ನೋಡಿದರು. “ಇದು ನೋಡಪ್ಪ ಗಾಡಿ ಅಂದ್ರೆ. ಎತ್ತರ ಕುಂತ್ರೆ ರಸ್ತೆ ಕಾಣ್ತೈತೆ. ನಾಕು ಮಂದಿ ಕಣ್ಣಿಗೂ ಕಾಣ್ತೈತೆ.” ನನ್ನ ಹಾಳೆಯಲ್ಲಿದ್ದ ಎಲ್ಲವೂ ಅದರಲ್ಲಿತ್ತು. ಕೈಯಲ್ಲಿದ್ದ ದುಡ್ಡಿಗೂ ಸರಿಹೋಯಿತು.

ಎಲೆ ಅಡಿಕೆ ಮೇಲೆ ಮುಂಗಡ ಇಟ್ಟು ಚಿಕ್ಕಪ್ಪನೇ ಗೊಬ್ಬರದಂಗಡಿಯವರ ಕೈಗೆ ಕೊಟ್ಟರು, ಒಂದು ದಿನ ತಡೆಯೋಣ ಎನ್ನಲು ನನಗೆ ಅವಕಾಶವೇ ಸಿಗಲಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಹಾಗೆ ಎಲೆ ಅಡಿಕೆ ಕೊಟ್ಟ ಮೇಲೆ ಹಿಂದೆಗೆದರೆ ನಮ್ಮಲ್ಲಿ ಮರ್ಯಾದೆ ಹೋಗುತ್ತದೆ, ಅದು ನಿಜ. ಆದರೆ ದುಡ್ಡು ನನ್ನ ಜೇಬಿನಲ್ಲಿತ್ತು. ತೆಗೆದುಕೊಟ್ಟದ್ದು ನನ್ನದೇ ಕೈ.

ಪೂಜೆಯ ದಿನ ಅಕ್ಕ ಹೊಸ ಸೀರೆ ಉಟ್ಟಿದ್ದಳು. ನಾಲ್ಕು ಚಕ್ರಕ್ಕೂ ಕುಂಕುಮ ಹಚ್ಚಿ ಆರತಿ ಎತ್ತಿದಳು. ನಾನು ಬಾಗಿಲು ತೆರೆದು ನಿಂತೆ. ಅವಳು ಎಡಗಾಲು ಎತ್ತಿದಳು. ಊದಿದ ಆ ಕಾಲು ಗಾಡಿಯ ಮೆಟ್ಟಿಲಿನ ಅರ್ಧ ಎತ್ತರಕ್ಕೆ ಬಂದು ನಿಂತಿತು. ಕೆಳಗಿಟ್ಟಳು. ಬಲಗಾಲು ಎತ್ತಿದಳು. ಬೀದಿಯವರೆಲ್ಲ ನೋಡುತ್ತಿದ್ದರು.

“ಇದಕ್ಕೆ ಏಣಿ ಬ್ಯಾರೆ ಕೊಳ್ಳಬೇಕೇನೋ?” ಅಂದಳು. ಎಲ್ಲರೂ ನಕ್ಕೆವು. ಆ ನಗು ಮಾತ್ರ ನೆನಪಿದೆ, ಯಾಕೆಂದರೆ ಅವಳು ನಮ್ಮ ಜೊತೆ ನಗಲಿಲ್ಲ.

ಮರದ ಸ್ಟೂಲು ತಂದೆವು. ಸ್ಟೂಲಿನ ಮೇಲೆ ನಿಂತರೆ ತಲೆ ಗಾಡಿಯ ಬಾಗಿಲ ಮೇಲಂಚಿಗೆ ಬಡಿಯುತ್ತಿತ್ತು. ಕೊನೆಗೆ ನಾನು ತೋಳಿನಡಿ ಕೈ ಕೊಟ್ಟು ಎತ್ತಬೇಕು, ಹೆಂಡತಿ ಒಳಗಿನಿಂದ ಎಳೆದುಕೊಳ್ಳಬೇಕು, ಹೀಗೆ ರೂಢಿಯಾಯಿತು. ಹೆಂಡತಿ ಬಾರದ ದಿನ ಆಸ್ಪತ್ರೆಯ ಬಾಗಿಲಲ್ಲಿ ಯಾರಾದರೂ ಆಟೋದವರನ್ನು ಕರೆಯುತ್ತಿದ್ದೆ. ಪರ ಗಂಡಸಿನ ಕೈ ಸೊಂಟಕ್ಕೆ ಬಂದಾಗ ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ದಾರಿಯಲ್ಲಿ ಮಾತು ಕಡಿಮೆಯಾಯಿತು. ಹಂಪುಗಳಿಗೆ ತಳ ಒಂದು ಸಲವೂ ತಾಗಲಿಲ್ಲ.

ಕಾರು ಬದಲಾಯಿಸೋಣ ಎಂದು ಒಮ್ಮೆ ಹೇಳಿದೆ. “ಸುಮ್ನಿರು. ಈಗ ತಗಂಡು ಈಗ ಮಾರಿದ್ರೆ ಚಿಕ್ಕಪ್ಪ ಏನಂದಾರು?” ಅಂದಳು. ಆ ಮಾತನ್ನು ನಾನು ತಕ್ಷಣ ಒಪ್ಪಿಕೊಂಡೆ.

ವಾರಕ್ಕೆ ಮೂರು ದಿನದ ಡಯಾಲಿಸಿಸ್ ಎರಡಾಯಿತು. ಒಂದು ವಾರ ಅವಳಿಗೆ ತಲೆಸುತ್ತು, ಒಂದು ವಾರ ಮನೆಯಲ್ಲಿ ನೆಂಟರು, ಒಂದು ವಾರ ಸುಮ್ಮನೆ ಬೇಡ. ಪ್ರತಿ ಸಲವೂ ಕಾರಣ ಬೇರೆ ಇತ್ತು. ಹತ್ತುವುದು ಕಷ್ಟ ಎಂದು ಅವಳು ಒಂದು ದಿನವೂ ಹೇಳಲಿಲ್ಲ. ಹೇಳಿದ್ದಳೇ? ಹೆಂಡತಿಯನ್ನು ಕೇಳಿದರೆ, “ನಿಮಗೆ ಹೇಳಿದ್ರು, ನೀವು ಪೇಪರ್ ಓದ್ತಿದ್ರಿ” ಅನ್ನುತ್ತಾಳೆ.

ಆ ಗುರುವಾರ ಅವಳು ಪಡಸಾಲೆಯ ಕುರ್ಚಿಯಲ್ಲಿ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಿಂದಿನ ಸರದಿ ಆಗಲೇ ತಪ್ಪಿತ್ತು, ಇದೂ ತಪ್ಪಿದರೆ ಸಾಲಾಗಿ ಎರಡಾಗುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಗಾಡಿ ಸ್ಟಾರ್ಟ್ ಮಾಡಿ, ಸ್ಟೂಲು ಇಟ್ಟು, ಕರೆದೆ. ಅವಳು ಗಾಡಿಯನ್ನು ನೋಡಿದಳು. ನನ್ನನ್ನು ನೋಡಿದಳು.

“ಇವತ್ತು ಬ್ಯಾಡ ಕಣೋ. ಶನಿವಾರ ಹೋಗಾಣ.”

“ಹೋಗಲೇಬೇಕಲ್ಲಕ್ಕ.”

“ಶನಿವಾರ ಅಂದ್ನಲ್ಲ.”

ಶುಕ್ರವಾರ ಮಧ್ಯಾಹ್ನ ಉಸಿರು ಸಿಗದಾಯಿತು. ಆಂಬುಲೆನ್ಸಿನವರು ಸ್ಟ್ರೆಚರ್ ತಂದು, ಅವಳು ಕಾಲೆತ್ತುವ ಅಗತ್ಯವೇ ಇಲ್ಲದಂತೆ ಒಳಗೆ ಜಾರಿಸಿಕೊಂಡರು. ಭಾನುವಾರ ತೀರಿಕೊಂಡಳು. ಹೃದಯ ಮೊದಲೇ ಸೋತಿತ್ತು, ಒಂದೆರಡು ದಿನ ತಪ್ಪಿದ್ದರಿಂದ ಆದದ್ದು ಅಂತ ಹೇಳಲಿಕ್ಕೆ ಬರೋದಿಲ್ಲ ಎಂದರು ಡಾಕ್ಟರು. ಅದು ಸಾಂತ್ವನವೋ ಸತ್ಯವೋ ತಿಳಿಯದು.

ತಿಂಗಳು ಕಳೆಯುವುದರೊಳಗೆ ಗಾಡಿ ಮಾರಿದೆ. ಎಲ್ಲವನ್ನೂ ಅದರ ಎತ್ತರದ ಮೇಲೆ ಹೊರಿಸಿದರೆ ಕಥೆ ಸಲೀಸಾಗಿ ಮುಗಿಯುತ್ತದೆ, ನಾನೂ ಹಾಗೆ ಮುಗಿಸಿ ಬಹಳ ಜನಕ್ಕೆ ಹೇಳಿದ್ದೇನೆ. ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಗುರುವಾರ ಅಕ್ಕ ಬೇಡ ಅಂದಾಗ ನಾನು ಇನ್ನೊಂದು ಸಲ ಒತ್ತಾಯಿಸಬಹುದಿತ್ತು. ಅವಳು ಕಾಯುತ್ತಿದ್ದಳೇನೋ ಅನ್ನಿಸುವಷ್ಟು ಹೊತ್ತು ನನ್ನ ಮುಖ ನೋಡಿದಳು. ನಾನು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಇವತ್ತು ಎತ್ತಬೇಕಾಗಿಲ್ಲ, ಆಟೋದವರನ್ನು ಬೇಡಬೇಕಾಗಿಲ್ಲ ಎಂದು ಮೈ ಹಗುರಾಯಿತು. ಅಡುಗೆಮನೆಗೆ ಹೋಗಿ ನಿಧಾನವಾಗಿ ಎರಡನೆಯ ದೋಸೆ ಹಾಕಿಸಿಕೊಂಡು ತಿಂದೆ. ಎಷ್ಟೋ ವಾರಗಳ ನಂತರ, ಒಂದು ಗುರುವಾರ ಪ್ರಾರ್ಥನೆಯ ಗಂಟೆಗೆ ಮೊದಲೇ ಶಾಲೆಯಲ್ಲಿದ್ದೆ.