ಗೆರೆಯಮ್ಮನ ಕಣ್ಣಳತೆ

ಸಿಟ್ಟು ಬಂದಾಗ ಪಾತ್ರೆ ಒಡೆಯುವವರನ್ನು ನಾವೆಲ್ಲ ಕಂಡಿದ್ದೇವೆ. ಪಿಂಗಾಣಿ ಮೇಸ್ತ್ರಿ ಸಮಾಧಾನವಾಗಿದ್ದಾಗಲೇ ಒಡೆಯುತ್ತಿದ್ದ. ಭಟ್ಟಿಯಿಂದ ಹೊರಬಂದ ತಟ್ಟೆಯಲ್ಲಿ ಕೂದಲೆಳೆಯಷ್ಟು ಐಬಿದ್ದರೂ ಸಾಕು, ಹಿತ್ತಲಿಗೆ ಒಯ್ದು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು. ಅಗ್ಗಕ್ಕಾದರೂ ಮಾರಯ್ಯ ಎಂದವರಿಗೆ, "ಸೊಟ್ಟ ತಟ್ಟೆ ಊರೆಲ್ಲ ತಿರುಗಿ ನನ್ನ ಹೆಸರು ಹೇಳ್ಕೊಂಡು ಬರೋದು ಬೇಡ" ಅನ್ನುತ್ತಿದ್ದ. ಹಿತ್ತಲಿನ ಚೂರುಗಳ ಗುಡ್ಡೆ ಕಾಂಪೌಂಡು ಗೋಡೆಯ ಎತ್ತರಕ್ಕೆ ಬಂದಿತ್ತು. ಆದರೆ ಯಾವುದು ಸೊಟ್ಟ, ಯಾವುದು ನೆಟ್ಟಗೆ ಎಂದು ತೀರ್ಪು ಕೊಡುತ್ತಿದ್ದವನು ಅವನಲ್ಲ, ಗೆರೆಯಮ್ಮ.

ಆ ಹೆಸರಿಟ್ಟವಳು ಮೇಸ್ತ್ರಿಯ ಹೆಂಡತಿ. ಗೆರೆಯಮ್ಮ ಮೊದಲ ಸಲ ಬಂದಾಗ ಮೂವರಿಗೂ ಹರೆಯ. ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ, ಬಿಚ್ಚಿ ನೋಡಿದರೆ ಚೌಕ, ತ್ರಿಕೋನ, ಉದ್ದ ಗೆರೆ, ಅಡ್ಡ ಗೆರೆ. ಅವರು ಚಿತ್ರ ಬರೆಯುವವರಂತೆ, ಆದರೆ ಆ ಚಿತ್ರಗಳಲ್ಲಿ ಹುಡುಕಿದರೂ ಒಂದು ಎಲೆ ಸಿಗದು. ಅಷ್ಟು ದಿನ ಗುಲಾಬಿ ಹೂವಿನ ಕಪ್ಪು-ಬಸಿಗಳನ್ನೇ ಮಾಡಿಕೊಂಡಿದ್ದ ಮೇಸ್ತ್ರಿ ತಲೆ ಕೆರೆದುಕೊಂಡ.

"ಅಮ್ಮಾ, ಇದು ಊಟದ ತಟ್ಟೆನೋ, ಲೆಕ್ಕದ ಪುಸ್ತಕನೋ?"

"ನೆಟ್ಟಗೆ ಒಂದು ಗೆರೆ ಎಳೆದುಕೊಡಿ, ಆಮೇಲೆ ನಗಿ" ಅಂದರು ಗೆರೆಯಮ್ಮ.

ನೆಟ್ಟಗೆ! ಬೆಂಕಿಗೂ ನೆಟ್ಟಗಿನದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಹಸಿ ತಟ್ಟೆ ಭಟ್ಟಿಯಲ್ಲಿ ಕುಗ್ಗುತ್ತದೆ, ಮೂಲೆ ಎತ್ತುತ್ತದೆ, ನಡು ಇಳಿಸುತ್ತದೆ. ಮೇಸ್ತ್ರಿ ಮಣ್ಣು ಬದಲಿಸಿದ, ಅಚ್ಚು ಬದಲಿಸಿದ. ಹೆಂಡತಿ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಎಳೆತದಲ್ಲಿ ನೀಲಿ ಗೆರೆ ಎಳೆದಳು. ಕೊನೆಗೊಮ್ಮೆ ಅವನ ಮನಸ್ಸಿಗೆ ಒಪ್ಪುವಂಥ ತಟ್ಟೆ ಬಂತು. ಗೆರೆಯಮ್ಮ ಅದನ್ನು ನೋಡಿ, "ಬಲಗಡೆ ಸ್ವಲ್ಪ ಬಾಗಿದೆ" ಎಂದುಬಿಟ್ಟರು. ಮೇಸ್ತ್ರಿ ಉಕ್ಕಿನ ಸ್ಕೇಲು ತಂದಿಟ್ಟ. ಗೆರೆಯೂ ಸ್ಕೇಲೂ ಅಂಟಿಕೊಂಡಂತೆ ಕೂತವು.

"ಹಾಗಾದ್ರೆ ನಿಮ್ಮ ಸ್ಕೇಲು ಸೊಟ್ಟ" ಅಂದರು ಗೆರೆಯಮ್ಮ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗಿಕೊಂಡೇ ಮೇಸ್ತ್ರಿ ಪಕ್ಕದ ಲೇತ್ ಅಂಗಡಿಗೆ ಹೋದ. ಅಲ್ಲಿಯ ಸಮತಟ್ಟಾದ ಕಬ್ಬಿಣದ ಹಲಗೆಯ ಮೇಲೆ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿದರೆ, ಅಡಿಯಿಂದ ಸಣ್ಣಗೆ ಬೆಳಕು ಬಂತು. ಸ್ಕೇಲು ನಿಜಕ್ಕೂ ಸೊಟ್ಟಗಿತ್ತು. ಮೇಸ್ತ್ರಿ ವಾಪಸು ಬಂದು ಅದನ್ನು ಗೋಡೆಯ ಮೊಳೆಗೆ ನೇತುಹಾಕಿದ. ಮತ್ತೆಂದೂ ಆ ಕಾರ್ಖಾನೆಯಲ್ಲಿ ಸ್ಕೇಲಿನ ಸಾಕ್ಷಿ ನಡೆಯಲಿಲ್ಲ. ಗೆರೆಯಮ್ಮನ ಕಣ್ಣಳತೆಯೇ ಕಾನೂನಾಯಿತು.

ಹಾಗೆಯೇ ವಯಸ್ಸು ಕಳೆಯಿತು. ಅವರ ಚೌಕದ ತಟ್ಟೆಗಳು ದೊಡ್ಡ ಹೋಟೆಲುಗಳಿಗೆ ಹೋದವು, ಒಂದೆರಡು ವಸ್ತುಸಂಗ್ರಹಾಲಯದ ಗಾಜಿನ ಕಪಾಟಿಗೂ ಹೋದವು. ಮೂವರೂ ಅಚ್ಚುಗಳ ನಡುವೆ ಜಾಗ ಮಾಡಿಕೊಂಡು ಒಟ್ಟಿಗೆ ಊಟ ಮಾಡುತ್ತಿದ್ದರು. "ಈ ಮನುಷ್ಯ ನಾನು ಹಾಕಿದ ಗೆರೆ ದಿನಾ ದಾಟ್ತಾರೆ, ನೀವು ಹಾಕಿದ್ದು ಮಾತ್ರ ಜಪ್ಪಯ್ಯ ಅಂದ್ರೂ ದಾಟಲ್ಲ" ಎಂದು ಹೆಂಡತಿ ಛೇಡಿಸುವಳು. ಗೆರೆಯಮ್ಮ ಅವಳ ಬಲಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, "ಈ ಕೈ ಇಲ್ಲದಿದ್ರೆ ನನ್ನ ಗೆರೆ ಕಾಗದದಲ್ಲೇ ಸಾಯ್ತಿತ್ತು" ಅನ್ನುವರು. ಅದಕ್ಕಿಂತ ದೊಡ್ಡ ಬಹುಮಾನ ಅವಳಿಗೆ ಬೇಕಿರಲಿಲ್ಲ.

ತಲೆ ಪೂರ್ತಿ ನೆರೆತ ಮೇಲೆ ಗೆರೆಯಮ್ಮ ಕೊನೆಯದೆಂದು ಒಂದು ವಿನ್ಯಾಸ ತಂದರು. ಉದ್ದ ಮೇಜಿನ ತುಂಬ ಚೌಕದ ತಟ್ಟೆಗಳ ಸಾಲು, ಮೊದಲ ತಟ್ಟೆಯಿಂದ ಕೊನೆಯದರವರೆಗೆ ಒಂದೇ ಗೆರೆ. ಬೇರೇನೂ ಇಲ್ಲ.

ಮೊದಲ ಸಾಲು ಬೆಂದು ಬಂತು. ಗೆರೆಯಮ್ಮ ಕತ್ತು ಒಂದು ಕಡೆಗೆ ವಾಲಿಸಿ, ಕಾಳು ಹುಡುಕುವ ಕೋಳಿಯ ಹಾಗೆ ಓರೆಯಾಗಿ ನೋಡಿದರು. "ನಡುವೆ ಇಳಿದಿದೆ." ಮೇಸ್ತ್ರಿ ಒಡೆದ. ಎರಡನೆಯದಕ್ಕೂ ಅದೇ ಮಾತು. ಅದನ್ನೂ ಒಡೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನ ಕಣ್ಣಿಗೆ ಗೆರೆ ಎಲ್ಲೂ ಇಳಿದಂತೆ ಕಂಡಿರಲಿಲ್ಲ, ಆದರೆ ಅವನ ಕಣ್ಣು ಯಾವ ಲೆಕ್ಕ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅಲ್ಲಿ ಪ್ರಮಾಣವೆಂದರೆ ಗೆರೆಯಮ್ಮನೇ ಆಗಿದ್ದರು. ಅತಿಯಾದ ನಂಬಿಕೆಯೂ ಒಂದು ಬಗೆಯ ಸೋಮಾರಿತನ. ಅದಕ್ಕೆ ತೆರುವ ದಂಡ ಮಾತ್ರ ಬೇರೆಯವರದು.

ದಂಡ ತೆತ್ತವಳು ಹೆಂಡತಿ. ಅವಳು ಯಾರ ಮೇಲೂ ತಪ್ಪು ಹೊರಿಸಲಿಲ್ಲ, ತನ್ನ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಚಹಾ ಬಗ್ಗಿಸುವಾಗ ಬಲಗೈಗೆ ಎಡಗೈಯ ಆಸರೆ ಕೊಡತೊಡಗಿದಳು. ಮೂರನೆಯ ಸಾಲೂ ಸುತ್ತಿಗೆಗೆ ಹೋದ ಮೇಲೆ ಕುಂಚಗಳನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಗಂಡನ ಮುಂದಿಟ್ಟಳು.

"ನನ್ನ ಕೈ ಹೋಯ್ತು ಕಣ್ರೀ. ಇನ್ಯಾರನ್ನಾದ್ರೂ ನೋಡ್ಕೊಳ್ಳಿ."

"ಇದೊಂದು ಸಾಲು ಎಳೆದುಕೊಡು" ಎಂದು ಅವನು ಗೋಗರೆದ. ಅವಳು ಅಳುತ್ತಲೇ ಎಳೆದಳು. ಆ ಸಾಲು ಭಟ್ಟಿಯಿಂದ ಬಂದ ದಿನ ಮೇಸ್ತ್ರಿ, ಇಷ್ಟು ವರ್ಷ ಮಾಡದಿದ್ದ ಕೆಲಸ ಮಾಡಿದ. ಲೇತ್ ಅಂಗಡಿಯವನಿಂದ ಹೊಸ ಸ್ಕೇಲು ಕಡ ತಂದು, ಕಬ್ಬಿಣದ ಹಲಗೆಯ ಮೇಲೆ ಪರೀಕ್ಷಿಸಿ, ಗೆರೆಗೆ ಹಿಡಿದ. ನೆಟ್ಟಗಿತ್ತು. ಹಿತ್ತಲಿಗೆ ಹೋಗಿ ಗುಡ್ಡೆಯಿಂದ ಹಿಂದಿನ ಸಾಲುಗಳ ಚೂರು ಆಯ್ದು, ನೆಲದ ಮೇಲೆ ಜೋಡಿಸಿ, ಮೊಣಕಾಲೂರಿ ಅಳೆದ. ಅವೂ ನೆಟ್ಟಗಿದ್ದವು. ಒಂದಕ್ಕಿಂತ ಒಂದು ಚೆಂದವಾಗಿದ್ದ, ಅವಳ ಜೀವಮಾನದಲ್ಲೇ ಶ್ರೇಷ್ಠವಾದ ಗೆರೆಗಳು. ಎಲ್ಲವನ್ನೂ ಇವನೇ ತನ್ನ ಕೈಯಾರೆ ಪುಡಿ ಮಾಡಿದ್ದ. ಮೇಸ್ತ್ರಿ ಅಲ್ಲಿಯೇ ಕೂತು ಅತ್ತ.

ಅಮ್ಮನ ಕಣ್ಣು ಕೆಟ್ಟಿದೆ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. ಅವರಿಗೆ ಇದ್ದದ್ದೇ ಅದೊಂದು. ಹಾಗಾಗಿ ಹೆಂಡತಿಯ ಹತ್ತಿರ, ತಪ್ಪು ತಟ್ಟೆಗೆ ಬಳಿದ ಮೆರುಗಿನದು, ಕೈಯದಲ್ಲ ಎಂದು ಸುಳ್ಳು ಹೇಳಿ ನೋಡಿದ.

"ಗೆರೆ ನೋಡೋದು ಅಮ್ಮ. ನೀವಲ್ಲ" ಅಂದಳು ಅವಳು.

ಇವಳ ಕೈ ಉಳಿಯಬೇಕೆಂದರೆ ಅವರ ಕಣ್ಣು ಕೀಳಬೇಕು. ಮೇಸ್ತ್ರಿಗೆ ಬೇರೆ ದಾರಿ ಕಾಣಲಿಲ್ಲ.

ಮರುದಿನ ಗೆರೆಯಮ್ಮ ಬಂದರು. ಹೆಂಡತಿ ಕೈಗಳನ್ನು ಏಪ್ರನ್ನಿನೊಳಗೆ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. ಗೆರೆಯಮ್ಮ ಸಾಲಿನುದ್ದಕ್ಕೂ ನಡೆದು, ಬೇಸರದಿಂದ ತಲೆಯಾಡಿಸಿದರು. "ಇದೂ ನಡುವೆ ಇಳಿದಿದೆ, ಮೇಸ್ತ್ರಿ."

ಮೇಸ್ತ್ರಿ ಹೊಸ ಸ್ಕೇಲನ್ನು ಗೆರೆಯ ಪಕ್ಕಕ್ಕಿಟ್ಟ. ಗೆರೆಯಮ್ಮ ಬಗ್ಗಿ ನೋಡಿದರು. ಅವರ ಮುಖದಲ್ಲಿ ಹಳೆಯ ತುಂಟತನ ಬಂತು.

"ನಿಮ್ಮ ಸ್ಕೇಲು ಮತ್ತೆ ಸೊಟ್ಟ!"

ಯಾರೂ ನಗಲಿಲ್ಲ. ಮೇಸ್ತ್ರಿ ಅವರ ಬೆರಳು ಹಿಡಿದು, ಸ್ಕೇಲಿನ ಅಂಚಿನ ಮೇಲಿಟ್ಟು, ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸರಿಸಿದ. ಗೆರೆಯಮ್ಮ ತಾವೇ ಇನ್ನೊಮ್ಮೆ ಸರಿಸಿ ನೋಡಿದರು. ಬೆರಳು ಎಲ್ಲೂ ಇಳಿಯಲಿಲ್ಲ. ಆಮೇಲೆ ತಲೆಯೆತ್ತಿ ಕಿಟಕಿಯ ಸರಳುಗಳನ್ನು ನೋಡಿದರು.

"ಅದು?"

"ನೆಟ್ಟಗಿದೆ, ಅಮ್ಮಾ."

"ಬಾಗಿಲ ಚೌಕಟ್ಟು?"

"ಅದೂ."

"ಕಾಗದದ ಅಂಚೇ ಸೊಟ್ಟ ಅಂತ ಅಂಗಡಿಯವನನ್ನ ಬೈದು ಬಂದೆ" ಅಂದರು ಗೆರೆಯಮ್ಮ, ತಮ್ಮಷ್ಟಕ್ಕೇ. ತಟ್ಟೆಯ ಗೆರೆಯನ್ನು ಸವರುತ್ತ, "ಹಾಗಾದ್ರೆ ಒಡೆದಿದ್ದು?" ಎಂದು ಕೇಳಿದರು. ಮೇಸ್ತ್ರಿ ಹಿತ್ತಲಿನ ಗುಡ್ಡೆಯ ಕಡೆ ನೋಡಿದ. ಅವರು ಸ್ಟೂಲಿಗಾಗಿ ತಡಕಾಡಿ ಕುಳಿತರು.

ಕಣ್ಣಿನ ಡಾಕ್ಟರು, ಒಳಪರದೆಯ ನಡುಭಾಗ ಸವೆದುಹೋಗಿದೆ, ಇನ್ನಷ್ಟು ಸವೆಯುತ್ತದೆ, ಔಷಧಿಯಿಲ್ಲ ಎಂದರು. ಆದರೂ ಗೆರೆಯಮ್ಮ ಮತ್ತೆ ಕಾರ್ಖಾನೆಗೆ ಬಂದರು, ಮೇಸ್ತ್ರಿಯ ಹೆಂಡತಿಗಾಗಿಯೇ ಬಂದರು. ಅವಳ ಕೈ ಹಿಡಿದು, "ತಪ್ಪು ನನ್ನದು. ನನ್ನೆದುರಿಗೇ ಒಂದು ಗೆರೆ ಎಳಿ" ಎಂದು ಹಟ ಹಿಡಿದರು. ಅವಳು ಬಟ್ಟೆ ಬಿಚ್ಚಿ ಕುಂಚ ತೆಗೆದಳು. ಉಸಿರು ಬಿಗಿಹಿಡಿದಳು. ಆದರೆ ಒಮ್ಮೆ ಹೊಕ್ಕ ಅಳುಕು, ನಿನ್ನ ತಪ್ಪಲ್ಲ ಎಂದ ಮಾತ್ರಕ್ಕೆ ಎದ್ದು ಹೋಗುತ್ತದೆಯೇ? ನಡುವಿಗೆ ಬರುತ್ತಿದ್ದಂತೆ ಕುಂಚ ಕೆಳಕ್ಕೆ ಜಾರಿತು. ಗೆರೆ ನಿಜವಾಗಿಯೂ ಇಳಿಯಿತು, ಯಾವ ಸ್ಕೇಲೂ ಬೇಡ, ದಾರಿಹೋಕರಿಗೂ ಕಾಣುವಷ್ಟು.

ಗೆರೆಯಮ್ಮ ತಟ್ಟೆಯ ಮೇಲೆ ಬಗ್ಗಿದರು. ಬಹಳ ಹೊತ್ತು ಓರೆಯಾಗಿ ನೋಡಿ ತಲೆಯೆತ್ತಿದಾಗ ಅವರ ಮುಖ ಅರಳಿತ್ತು.

"ನನಗೆ ನಡುವೆ ಇಳಿದ ಹಾಗೇ ಕಾಣ್ತಿದೆ" ಅಂದರು. "ಅಂದ್ರೆ ನೆಟ್ಟಗಿದೆ. ಅಲ್ವಾ ಮೇಸ್ತ್ರಿ?"

ಹೆಂಡತಿ ಗಂಡನ ಮುಖ ನೋಡಿದಳು. ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಹೌದಮ್ಮಾ. ನೆಟ್ಟಗಿದೆ" ಅಂದ. ಹಿತ್ತಲಿನ ಕಡೆಗೆ ತಿರುಗದೆ, ಅದನ್ನು ಭಟ್ಟಿಗೆ ಹೋಗುವ ಹಲಗೆಯ ಮೇಲಿಟ್ಟ.