ಮಗ್ಗದ ಸದ್ದಿಗೆ ಕಿವಿಗೊಟ್ಟವರು

ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದಾಗ ನಮ್ಮ ಆಸ್ಪತ್ರೆಯಲ್ಲೊಬ್ಬ ಕಾಂಪೌಂಡರ್ ಇದ್ದರು. ಯಾರಿಗೆ ಔಷಧಿ ಕೊಟ್ಟರೂ "ಎದರ್ಕಬ್ಯಾಡಿ ಕಣ್ರಿ" ಎನ್ನುವರು. ಹಾಗೆನ್ನುವಾಗ ಅವರ ಬೆರಳು ತಮ್ಮ ಅಂಗಿಯ ಗುಂಡಿಯನ್ನು ತಿರುವುತ್ತಲೇ ಇರುತ್ತಿತ್ತು.

ಅಪ್ಪನಿಗೆ ಮೂರ್ಛೆರೋಗ. ರೇಷ್ಮೆ ಸೀರೆ ನೇಯುತ್ತ ಮಗ್ಗದ ಮೇಲೇ ಬಿದ್ದುಬಿಟ್ಟರೆ ಎಂಬ ಭಯ ನಮಗೆಲ್ಲ. ವರ್ಷಗಳಿಂದ ಸೀಸೆಯ ಔಷಧಿ ಅದನ್ನು ತಡೆದಿತ್ತು. ಒಮ್ಮೆ ಡಾಕ್ಟರು ಸೀಸೆ ಬಿಡಿಸಿ ಮಾತ್ರೆ ಬರೆದರು.

"ಇಷ್ಟು ಚಿಕ್ಕದು ತಡೀತದಾ ಸಾ?" ಎಂದಳು ಅವ್ವ.

"ಔಷ್ದಿ ಅದೇಯ, ಮಾತ್ರೆ ಮಾಡವ್ರೆ ಅಷ್ಟೆ. ಎದರ್ಕಬ್ಯಾಡಿ ಕಣ್ರಿ" ಎಂದರು ಕಾಂಪೌಂಡರ್. ಗುಂಡಿ ಕಿತ್ತು ಕೈಗೇ ಬಂತು.

ಅಂದಿನಿಂದ ದಿನವೂ ಸಂಜೆ ಮನೆಗೆ ಹೋಗುವಾಗ ಅವರು ನಮ್ಮ ಬಾಗಿಲ ಹೊರಗೆ ನಿಂತು, ಮಗ್ಗದ ಸದ್ದು ಕೇಳಿಸಿಕೊಂಡು, ಒಳಗೆ ಬಾರದೆ ಹೊರಟುಹೋಗುತ್ತಿದ್ದರು. ಒಂದು ಸಂಜೆ ಸದ್ದು ತಟ್ಟನೆ ನಿಂತಿತು. ಅಡುಗೆಮನೆಯಿಂದ ನಾವು ಓಡಿಬರುವಷ್ಟರಲ್ಲಿ ಅವರು ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ, ಅಪ್ಪನ ಭುಜ ಹಿಡಿದು ನಿಂತಿದ್ದರು.

"ಎಳೆ ಕಡ್ದದೆ ಸಾ, ಕಟ್ತಾ ಇವ್ನಿ" ಎಂದರು ಅಪ್ಪ.

ಆಮೇಲೆ ಎಳೆ ಕಡಿದಾಗಲೆಲ್ಲ ಅಪ್ಪ ಬೀದಿಗೆ ಕೇಳುವಂತೆ "ಕಟ್ತಾ ಇವ್ನಿ ಸಾ!" ಎಂದು ಕೂಗುತ್ತಿದ್ದರು. ಕಾಂಪೌಂಡರಿಗೆ ಬೇರೆ ಊರಿಗೆ ವರ್ಗವಾದ ಮೇಲೂ ಕೂಗುವುದನ್ನು ಬಿಡಲಿಲ್ಲ. ಮಗ್ಗದ ಸದ್ದು ನಿಂತಾಗಲೆಲ್ಲ, ಆ ಕೂಗು ಕೇಳಿಸುವವರೆಗೆ ಒಲೆಯ ಮುಂದೆ ಅವ್ವ ಉಸಿರು ಬಿಡುತ್ತಿರಲಿಲ್ಲ.