ರೋಲಿನ ತುದಿಯ ನಾಲ್ಕು ನಾಣ್ಯ

ಆಳಂದದಿಂದ ಅಫಜಲಪುರಕ್ಕೆ ಬೆಳಿಗ್ಗೆ ಏಳೂವರೆಗೆ ಹೊರಡುವ ಬಸ್ಸಿನಲ್ಲಿ ನಾನು ಆರು ವರ್ಷ ಪಾಠ ಮಾಡಲು ಕಾಲೇಜಿಗೆ ಓಡಾಡಿದ್ದೇನೆ. ಆ ಬಸ್ಸಿನ ಕಂಡಕ್ಟರ್ ಪಂಚಶೀಲಾ. ಚಿಲ್ಲರೆ ಕೊಡುವಾಗ ಆಕೆ ನಾಣ್ಯದ ಮುಖ ಮುಟ್ಟುತ್ತಿರಲಿಲ್ಲ, ಎರಡು ಬೆರಳಲ್ಲಿ ಅಂಚು ಹಿಡಿದು ಅಂಗೈಗೆ ಇಡುತ್ತಿದ್ದಳು. ಯಾಕೆಂದು ಒಮ್ಮೆ ಕೇಳಿದೆ. ನಕ್ಕು, "ರೂಢಿ ಆಗ್ಯದ್ರಿ ಸರ್, ಬಿಡಾಕ ಆಗವಲ್ದು" ಅಂದಳು. ಆ ರೂಢಿಯ ಹಿಂದಿನ ಕಥೆ ಗೊತ್ತಾಗಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು.

ಆಕೆ ಸರಸಂಬಾದ ಕೂಲಿ ಮಾಡುವವರ ಮನೆಯ ಮಗಳು. ಇಪ್ಪತ್ತೈದರ ವಯಸ್ಸಿಗೆ ಕೆಲಸ ಸಿಕ್ಕಿತು. ಆಗ ದಾರಿಯುದ್ದಕ್ಕೂ ಚಿಲ್ಲರೆಯ ಜಗಳ. ವಾರಕ್ಕೊಮ್ಮೆ ಬ್ಯಾಂಕಿಗೆ ಹೋಗಿ, ಕಾಗದ ಸುತ್ತಿದ ಹೊಸ ನಾಣ್ಯಗಳ ರೋಲು ತರುತ್ತಿದ್ದಳು. ಒಂದು ದಿನ ಬಸ್ಸಿನ ಕಿಟಕಿಯ ಬಿಸಿಲಲ್ಲಿ ರೋಲು ಬಿಚ್ಚಿದಾಗ ಒಂದು ನಾಣ್ಯದ ಮೇಲೆ ಬೆಳಕು ಗೆರೆಯಾಗಿ ನಿಂತು, ಕೈ ಅಲುಗಿದಂತೆ ಸುತ್ತ ತಿರುಗಿತು. ಪಕ್ಕದ ನಾಣ್ಯದಲ್ಲಿ ಹಾಗೆ ತಿರುಗಲಿಲ್ಲ. ಎರಡೂ ಹೊಸವೇ. ಸಂಜೆ ಎರಡನ್ನೂ ಆಳಂದದ ಬಸ್ ನಿಲ್ದಾಣದ ಎದುರಿನ ಮಲಂಗಸಾಬರ ಗಡಿಯಾರ ರಿಪೇರಿ ಅಂಗಡಿಗೆ ಒಯ್ದಳು.

ಮಲಂಗಸಾಬರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ತೆಗೆದು ಆಕೆಯ ಕೈಗೇ ಕೊಟ್ಟರು.

"ಬೇಟಿ, ಚಂದ ಅದನೋ ಇಲ್ಲೋ ಅಂತ ನೋಡಬ್ಯಾಡ. ಅದಕ್ಕ ಏನಾಗ್ಯದ ಅಂತ ನೋಡು."

ಅಂದಿನಿಂದ ವಾರದ ರಜೆಯ ದಿನ ಆಕೆಯ ಪಾಠ ಅಲ್ಲೇ ನಡೆಯಿತು. ನಾಣ್ಯದ ಮುಖಕ್ಕೆ ಬೆರಳು ತಾಗಿದರೆ ಕಲೆ ಉಳಿಯುತ್ತದೆ, ಅಂಚು ಹಿಡಿದೇ ಎತ್ತಬೇಕು. ಟಂಕಸಾಲೆಯಿಂದ ಚೀಲದಲ್ಲಿ ಬರುವಾಗ ನಾಣ್ಯಕ್ಕೆ ನಾಣ್ಯ ಬಡಿದು ಚಿಕ್ಕ ತಗ್ಗು ಬೀಳುತ್ತದೆ. ಅದು ಪೆಟ್ಟು, ಸವೆತವಲ್ಲ. ಜನರ ಕೈಯಲ್ಲಿ ಓಡಾಡಿದ ನಾಣ್ಯ ಮೊದಲು ಸವೆಯುವುದು ಎತ್ತರದ ಜಾಗದಲ್ಲಿ, ಸಿಂಹದ ಎದೆಯ ಮೇಲೆ. ತಿಕ್ಕಿ ತೊಳೆದ ನಾಣ್ಯ ಮೊದಲು ಎಲ್ಲಕ್ಕಿಂತ ಹೆಚ್ಚು ಫಳಫಳ ಅನ್ನುತ್ತದೆ, ಆದರೆ ಓರೆ ಮಾಡಿದರೆ ಬೆಳಕು ತಿರುಗುವುದಿಲ್ಲ, ವರ್ಷ ಕಳೆದಂತೆ ಮಂಕೂ ಆಗುತ್ತದೆ. ಇಷ್ಟನ್ನು ತಿಳಿಯಲು ಒಂದು ದಿನ ಸಾಕು, ಕಣ್ಣಿಗೆ ಹತ್ತಲು ಏಳೆಂಟು ವರ್ಷ ಬೇಕಾದವು. ರೋಲಿನಲ್ಲಿ ಕೈ ತಾಗದ ಒಳ್ಳೆಯ ನಾಣ್ಯ ಕಂಡರೆ ತನ್ನ ಪರ್ಸಿನಿಂದ ಅಷ್ಟೇ ಬೆಲೆಯ ನಾಣ್ಯ ಟಿಕೆಟ್ ಹಣದ ಚೀಲಕ್ಕೆ ಹಾಕಿಯೇ ಅದನ್ನು ಎತ್ತಿಕೊಳ್ಳುತ್ತಿದ್ದಳು. ಇದನ್ನು ನನಗೆ ಹೇಳಿದವನು ಆಕೆಯ ಡ್ರೈವರ್ ಖಾದರಸಾಬ. ಆಕೆ ತಾನಾಗಿ ಯಾರಿಗೂ ಹೇಳಿಕೊಂಡಿರಲಿಲ್ಲ.

ಕೈ ತಾಗದ ಹಳೆಯ ನಾಣ್ಯಕ್ಕೆ ಸಂಗ್ರಹಕಾರರು ಹಲವು ಪಟ್ಟು ಬೆಲೆ ಕೊಡುತ್ತಾರೆ. ಅಂಥ ನಾಣ್ಯ ಕೊಂಡು ಮಾರುವ ಕಲಬುರಗಿಯ ಕಲ್ಯಾಣಕುಮಾರ ಕ್ರಮೇಣ ಆಕೆಯ ಮಾತಿಲ್ಲದೆ ಯಾವ ರೋಲನ್ನೂ ಕೊಳ್ಳದಂತಾದ. ಹೋದ ವರ್ಷ ಶ್ರಾವಣದಲ್ಲಿ ಆಕೆಯನ್ನು ಜೇವರ್ಗಿಗೆ ಕರೆದುಕೊಂಡು ಹೋದ. ಅಲ್ಲಿ ನರ್ಮದಾಬಾಯಿ ಎಂಬುವರ ಬಳಿ ಹನ್ನೊಂದು ಮೂಲೆಯ ಎರಡು ರೂಪಾಯಿ ನಾಣ್ಯದ ಎರಡು ರೋಲುಗಳಿದ್ದವು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದ ಅವರ ಪತಿ ಶ್ರೀನಿವಾಸರಾಯರು ಮೂವತ್ತು ವರ್ಷದ ಹಿಂದೆ ತಮ್ಮ ಹಣ ಕೊಟ್ಟು ತಂದು ಅವನ್ನು ತೆಗೆದಿಟ್ಟಿದ್ದರು. ರಾಯರು ಈಗಿಲ್ಲ.

ಮೋಡದ ದಿನ, ನಾಣ್ಯದ ಮೇಲೆ ಬೆಳಕು ತಿರುಗುವುದು ಸರಿಯಾಗಿ ಕಾಣುತ್ತಿರಲಿಲ್ಲ. ಪಂಚಶೀಲಾ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ನಾಣ್ಯಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ನೋಡಿದಳು. ಎರಡು ತಾಸು ಹಿಡಿಯಿತು. ಒಂದು ರೋಲಿನ ತುದಿಯ ನಾಲ್ಕು ನಾಣ್ಯಗಳು ಕೊಂಚ ಮಂಕು ಕಂಡವು. ತುದಿಯಲ್ಲಿದ್ದವು ಕಾಗದಕ್ಕೆ ಉಜ್ಜಿ ಹಾಗಾಗುತ್ತವೆ ಎಂದುಕೊಂಡು, "ಎಲ್ಲಾ ಕೈ ತಾಗಲಾರದ ನಾಣ್ಯ ಅವ್ರಿ" ಎಂದಳು. ಆ ಮಾತಿನ ಮೇಲೆ ಕಲ್ಯಾಣಕುಮಾರ ಅಲ್ಲೇ ಹಣ ಕೊಟ್ಟು ರೋಲುಗಳನ್ನು ಒಯ್ದ.

ಮೂರನೆಯ ದಿನ ಬಸ್ಸು ಕರಜಗಿ ದಾಟುತ್ತಿದ್ದಾಗ ಆಕೆ ಟಿಕೆಟ್ ಕೊಡುವುದನ್ನು ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟಳು. ಆ ದಿನ ನಾನೂ ಬಸ್ಸಿನಲ್ಲಿದ್ದೆ. "ಯಾಕ್ರಿ, ಆರಾಮಿಲ್ಲೇನು?" ಎಂದು ಕೇಳಿದೆ.

"ಸರ್, ರೋಲಿನ್ಯಾಗ ಮುಖ ಕಾಗದಕ್ಕ ತಾಗೂದು ತುದೀದು ಒಂದೇ ನಾಣ್ಯದ್ದಲ್ರಿ? ಅದರ ಹಿಂದಿನ ಮೂರು ಯಾಕ ಮಂಕಾಗಬೇಕು?"

ನನಗೇನೂ ಅರ್ಥವಾಗಲಿಲ್ಲ. ಅಫಜಲಪುರದಲ್ಲಿ ಇಳಿದವಳೇ ಕಲ್ಯಾಣಕುಮಾರನಿಗೆ ಫೋನ್ ಮಾಡಿದಳು.

"ಅಣ್ಣಾ, ಆ ನಾಕು ನಾಣ್ಯ ಮಾರಬ್ಯಾಡ್ರಿ. ಯಾರೋ ತಿಕ್ಕಿ ತೊಳದಾರ. ನಾ ತಪ್ಪು ಹೇಳೇನಿ."

"ಹೋಗ್ಲಿ ಬಿಡ್ರಿ ಅಕ್ಕಾ, ಯಾರಿಗೂ ಗುರ್ತ ಸಿಗೂದಿಲ್ಲ."

"ನನಗ ಸಿಕ್ಕದಲ್ರಿ."

ವಾರದ ರಜೆಯ ದಿನ ಆಕೆ ಕಲಬುರಗಿಗೆ ಹೋಗಿ, ಆ ನಾಲ್ಕಕ್ಕೆ ಆತ ಕೊಟ್ಟಿದ್ದ ಹಣವನ್ನು ತನ್ನ ಕೈಯಿಂದ ಕೊಟ್ಟು ನಾಣ್ಯಗಳನ್ನು ಪಡೆದಳು. ಬಿಸಿಲಲ್ಲಿ ಇನ್ನೊಮ್ಮೆ ನೋಡಿದಳು. ಕೂದಲೆಳೆಯಂಥ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ಅಲ್ಲಿಂದ ಜೇವರ್ಗಿಯ ಬಸ್ಸು ಹತ್ತಿದಳು. ಹಣ ತಾನು ಕೊಟ್ಟಾಗಿತ್ತು, ಹೋಗದಿದ್ದರೂ ನಡೆಯುತ್ತಿತ್ತು. ಆದರೆ ನರ್ಮದಾಬಾಯಿಯವರ ಎದುರು ಹೇಳಿದ ಮಾತನ್ನು ಅವರ ಎದುರೇ ತಿದ್ದಬೇಕು ಅನ್ನಿಸಿತ್ತು. ರಾಯರ ಹೆಸರಿಗೆ ಎಲ್ಲಿ ಕುಂದು ಬರುತ್ತದೋ ಎಂಬ ಅಳುಕೂ ಇತ್ತು.

"ಬಾಯಾರ, ಸಿಟ್ಟಾಗಬ್ಯಾಡ್ರಿ," ಎಂದು ನಾಲ್ಕು ನಾಣ್ಯಗಳನ್ನು ಬಟ್ಟೆಯ ಮೇಲಿಟ್ಟಳು. "ಇವು ನಾಕೂ ಯಾರೋ ತೊಳದಿಟ್ಟಾರ. ಅವತ್ತ ನನ್ನ ಕಣ್ಣಿಗೆ ಬೀಳಲಿಲ್ಲ."

ನರ್ಮದಾಬಾಯಿ ಬಗ್ಗಿ ನಾಲ್ಕನ್ನೂ ನೋಡಿದರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

"ನಾನೇ ತೊಳದಿದ್ದೆ ತಂಗಿ! ದೀಪಾವಳಿ ಲಕ್ಷ್ಮೀಪೂಜಿಗೆ ಅಂತ ರೋಲಿನ ತುದಿ ಬಿಚ್ಚಿ ನಾಕು ತಗದಿದ್ದೆ. ಅರಿಶಿಣ ಹತ್ತಿತು. ಅವ್ರು ಬೈತಾರಂತ ಹುಣಸೆಹಣ್ಣು, ರಂಗೋಲಿ ಪುಡಿ ಹಚ್ಚಿ ತಿಕ್ಕಿ, ಮತ್ತ ಹಂಗೇ ಸುತ್ತಿ ಇಟ್ಟೆ. ಸಾಯೂತನಕ ಅವ್ರಿಗೆ ಗೊತ್ತಾಗಲಿಲ್ಲ. ನಿನಗ ಹ್ಯಾಂಗ ಗೊತ್ತಾತು?"

ಪಂಚಶೀಲಾ ಬಾಗಿಲ ಬೆಳಕಿಗೆ ನಾಣ್ಯ ಹಿಡಿದು ತೋರಿಸಿದಳು. ಗೀರುಗಳನ್ನು ಕಂಡ ನರ್ಮದಾಬಾಯಿ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಪಂಚಶೀಲಾ ಬೇಡವೆಂದರೂ ಕೇಳದೆ ನಾಲ್ಕು ನಾಣ್ಯದ ಹಣವನ್ನು ಕೈಗಿಟ್ಟರು. ನಾಣ್ಯಗಳನ್ನು ದೇವರ ಮನೆಯಲ್ಲಿಟ್ಟು ಬಂದರು.

ಊಟವಾಯಿತು. ಆಮೇಲೆ ನರ್ಮದಾಬಾಯಿ ಒಳಗಿನಿಂದ ಇನ್ನೊಂದು ರೋಲು ತಂದರು. ಕಲ್ಯಾಣಕುಮಾರನಿಗೆ ಅದನ್ನು ತೋರಿಸಿರಲೇ ಇಲ್ಲ. ಸುತ್ತಿದ ಕಾಗದದ ಮೇಲೆ ರಾಯರ ಅಕ್ಷರದಲ್ಲಿ ತಾರೀಖು ಇತ್ತು.

"ಇದನ್ನ ಮಾರೂದಿಲ್ಲ. ನಾನೂ ಬಿಚ್ಚಿಲ್ಲ, ಖರೇನ ಹೇಳ್ತೇನಿ. ನೀ ಸುಮ್ಮ ನೋಡು. ನನಗೂ ನೋಡೂದು ಕಲಸು."

ಪಂಚಶೀಲಾ ಕಾಗದ ಹರಿಯದಂತೆ ಅಂಟು ಬಿಡಿಸಿದಳು. ಬೆಲೆ ಹೇಳಬೇಕಾಗಿಲ್ಲದ ರೋಲನ್ನು ಆಕೆ ಅಷ್ಟು ಬಿಡುವಾಗಿ ನೋಡಿದ್ದು ಅದೇ ಮೊದಲಂತೆ. ಭೂತಗನ್ನಡಿ ಇಬ್ಬರ ನಡುವೆ ಕೈ ಬದಲಾಯಿಸುತ್ತ ಹೋಯಿತು. ಹದಿನೇಳನೆಯ ನಾಣ್ಯಕ್ಕೆ ನರ್ಮದಾಬಾಯಿ ತಾವಾಗಿಯೇ, "ಇದಕ್ಕ ಪೆಟ್ಟು ಬಿದ್ದದ, ಆದ್ರ ಸವದಿಲ್ಲ, ಹೌದಿಲ್ಲೋ?" ಎಂದರು.

"ಹೌದ್ರಿ ಬಾಯಾರ," ಎಂದಳು ಪಂಚಶೀಲಾ. ಮೂರು ಗಂಟೆಯ ಬಸ್ಸು ತಪ್ಪಿತು. ಆಕೆ ಐದರದಕ್ಕೆ ಹೋದಳು.